ಮದುಮಗಳ ಸ್ನಾನ

ಭಾನುವಾರ ಮದುವೆ. ಅದಕ್ಕೆ ಮುಂಚೆ ಗಂಡಿನ ಕಡೆಯ ಹೆಂಗಸರು ಮದುಮಗಳನ್ನು ಸ್ನಾನದ ಮನೆಗೆ ಕರೆದೊಯ್ದು ಮೀಯಿಸಬೇಕು. ಗ್ರೀಸಿನ ಸಲೋನಿಕಾದ ಯಹೂದಿಗಳಲ್ಲಿ ತಲೆಮಾರುಗಳಿಂದ ನಡೆದುಬಂದ ಪದ್ಧತಿ ಅದು. ಆದರೆ ಯುದ್ಧ ಮುಗಿದ ಮೇಲೆ ಮದುಮಗ ಮೆಂತೆಷನ ಕಡೆಯ ಹೆಂಗಸರು ಅಂತ ಉಳಿದಿದ್ದವಳು ಅವನ ಸೋದರತ್ತೆ ಬುಯೆನಾ ಒಬ್ಬಳೇ. ಯುದ್ಧದುದ್ದಕ್ಕೂ ಬೆಟ್ಟದ ಹಳ್ಳಿಯೊಂದರಲ್ಲಿ ಅಡಗಿ, ಕೊರಳಿಗೆ ಶಿಲುಬೆ ಹಾಕಿಕೊಂಡು, ಆಡು ಕಾಯುತ್ತ, ವಿಧವೆ ಮಾರಿಯಾ ಎನ್ನಿಸಿಕೊಂಡು ಬದುಕಿದವಳು. ಮಿಕ್ಕವರನ್ನು ಜರ್ಮನರು ರೈಲಿನಲ್ಲಿ ತುಂಬಿಕೊಂಡು ಹೋದರು. ಹಾಗೆ ಹೋದವರಲ್ಲಿ ಮೆಂತೆಷ ತಿರುಗಿ ಬಂದ. ಮದುಮಗಳು ಜೋಯಾ ಬಂದಳು. ಜೋಯಾಳ ಜೊತೆ ಶಿಬಿರದಲ್ಲಿ ಒಂದೇ ಕಟ್ಟಡದಲ್ಲಿದ್ದ, ಈಗ ಒಂದೇ ಕೋಣೆಯಲ್ಲಿರುವ ಲೂನಾ ಬಂದಳು.

"ನಂಗೆ ಸ್ನಾನ ಬೇಡ," ಅಂದಳು ಜೋಯಾ.

"ಗಬ್ಬು ನಾರೋ ಮದುಮಗಳು," ಅಂದಳು ಲೂನಾ, ಸಿಗರೇಟು ಕಚ್ಚಿಕೊಂಡೇ ಅವಳ ಜಡೆ ಬಿಚ್ಚುತ್ತ. "ಹೊಟ್ಟೆ ಮೇಲಿನ ಕಲೆ ನೋಡಿ ಮುದುಕಿ ಕೇಳಿದ್ರೆ ಅಪೆಂಡಿಕ್ಸ್ ಅಂದ್ಬಿಡು, ಮಾರಾಯ್ತಿ. ಆಡು ಕಾಯ್ದವಳಿಗೆ ಏನ್ ಗೊತ್ತಾಗತ್ತೆ?"

"ಬೆನ್ನಲ್ಲಿರೋದಕ್ಕೆ ಏನನ್ಲಿ?"

"ಬೆನ್ನು ತೋರಿಸ್ಬೇಡ. ಮದುವೆ ಆಗೋವರೆಗೂ ಯಾರಿಗೂ ತೋರಿಸ್ಬೇಡ. ಆಮೇಲೆ ಏನ್ ಮಾಡ್ತಾನೆ, ವಾಪಸ್ ಕಳಿಸ್ತಾನಾ? ಎಲ್ಲಿಗೆ ಕಳಿಸ್ತಾನೆ?"

ಜೋಯಾ ನಗಲಿಲ್ಲ. ಮೆಂತೆಷ ಬಂದಾಗೆಲ್ಲ ಹೇಳುತ್ತಿದ್ದದ್ದು ಒಂದೇ ಮಾತು. ಮೊದಲ ಗಂಡುಮಗುವಿಗೆ ತನ್ನ ಅಪ್ಪನ ಹೆಸರು, ಮೊರ್ದೊಹಾಯ್. ಹೆಣ್ಣಾದರೆ ಅಮ್ಮನ ಹೆಸರು, ವಿಡಾ. ಆಮೇಲೆ ಜೋಯಾಳ ಅಪ್ಪ, ಜೋಯಾಳ ಅಮ್ಮ. ಅಜ್ಜನ ಹೆಸರು ಮೊಮ್ಮಗನಿಗೆ ಬರುವುದು ಎಲ್ಲ ಮನೆಗಳಲ್ಲೂ ಇದ್ದದ್ದೇ. ಆದರೆ ಈಗ ಸತ್ತವರಿಗೆ ಸಮಾಧಿಯೂ ಇರಲಿಲ್ಲ. ಹಳೆಯ ಸ್ಮಶಾನವನ್ನೇ ಅಗೆದು ಕಲ್ಲುಗಳನ್ನು ಊರಿನ ಹಾದಿಗಳಿಗೆ ಹಾಸಿಬಿಟ್ಟಿದ್ದರು. ಹೆಸರೊಂದೇ ಉಳಿದಿತ್ತು. ಮೆಂತೆಷ ಹೇಳುವಾಗ ಅವನ ಬತ್ತಿದ ಮುಖಕ್ಕೆ ಸ್ವಲ್ಪ ಕಳೆ ಬರುತ್ತಿತ್ತು. ಆ ಕಳೆ ನೋಡಿ ಜೋಯಾ ಪ್ರತಿಸಲವೂ ಹೂಂ ಅಂದಿದ್ದಳು.

ಶಿಬಿರದಲ್ಲಿ ಆದದ್ದನ್ನು ಅವನಿಗೆ ಹೇಳಬಾರದು ಎಂದೇನೂ ಅವಳು ನಿಶ್ಚಯಿಸಿರಲಿಲ್ಲ. ಹೇಳಿ ಹೇಳಿ ಸಾಕಾಗಿತ್ತು, ಅಷ್ಟೆ. ಬಿಡುಗಡೆ ಮಾಡಿದ ಸೈನ್ಯದ ಅಧಿಕಾರಿಗೆ ಹೇಳಿದಳು. ಪರಿಹಾರ ಸಂಸ್ಥೆಯ ಹೆಂಗಸಿಗೆ ಹೇಳಿದಳು. ಅಥೆನ್ಸಿನ ಡಾಕ್ಟರು ಕೇಳಿದಾಗ ಹೇಳಿದಳು. ಅವರೆಲ್ಲ ತಲೆ ಅಲ್ಲಾಡಿಸಿ ಬರೆದುಕೊಂಡರು. ಶಿಬಿರದಲ್ಲೂ ಬರೆದುಕೊಳ್ಳುತ್ತಿದ್ದರು. ಎರಡು ಲೋಹದ ಹಲಗೆಗಳ ನಡುವೆ ನಿಲ್ಲಿಸುತ್ತಿದ್ದರು. ಒಂದು ಹೊಟ್ಟೆಗೆ, ಒಂದು ಬೆನ್ನಿಗೆ. ಡಾಕ್ಟರು ಪಕ್ಕದ ಕೋಣೆಗೆ ಹೋಗಿ ಗಾಜಿನ ಹಿಂದಿನಿಂದ ಎಕ್ಸ್-ರೇ ಯಂತ್ರ ನಡೆಸುತ್ತಿದ್ದ. ಹಿಂತಿರುಗುವಾಗ ದಾರಿಯುದ್ದಕ್ಕೂ ವಾಂತಿ. ಆಮೇಲೆ ಚರ್ಮ ಕಪ್ಪಾಗಿ ನೀರು ಸೋರಿತು. ಯಂತ್ರ ಒಳಗೆ ಏನು ಮಾಡಿದೆ ಎಂದು ನೋಡಲು ಕೆಲವು ತಿಂಗಳ ಮೇಲೆ ಹೊಟ್ಟೆ ಕೊಯ್ದರು. ಸೊಂಟಕ್ಕೆ ಸೂಜಿ ಚುಚ್ಚಿದ್ದರಿಂದ ನೋವಿರಲಿಲ್ಲ, ಎಚ್ಚರ ಮಾತ್ರ ಇತ್ತು. ದೀಪದ ಹೊಳೆಯುವ ಬುರುಡೆಯಲ್ಲಿ ಅವಳಿಗೆ ತನ್ನ ಹೊಟ್ಟೆಯೇ ಕಾಣುತ್ತಿತ್ತು. ಡಾಕ್ಟರು ಜೊತೆಯವನ ಹತ್ತಿರ ಮಧ್ಯಾಹ್ನದ ಊಟದ ವಿಷಯ ಮಾತಾಡುತ್ತಿದ್ದ. ಅಲ್ಲಿಂದೀಚೆಗೆ ಅವಳು ಮುಟ್ಟಾಗಲಿಲ್ಲ. ಲೂನಾಳೂ ಆಗಲಿಲ್ಲ.

ಸ್ನಾನದ ಮನೆಯ ಬಾಗಿಲಿಗೆ ಬುಯೆನಾ ಎಲ್ಲಿಂದಲೋ ಒಂದು ದಮ್ಮಡಿ ಎರವಲು ತಂದಿದ್ದಳು. ಕಂಕುಳಲ್ಲಿ ಬಟ್ಟೆಯ ಗಂಟು, ಅದರೊಳಗೆ ರೋಸ್ಕಾ. ಬಳೆಯಂತೆ ದುಂಡಗಿನ ಸಿಹಿ ರೊಟ್ಟಿ. ಮಿಂದು ಬಂದ ಮದುಮಗಳ ತಲೆಯ ಮೇಲೆ ಅದನ್ನು ಮುರಿದು, ಮಕ್ಕಳಾಗಲಿ ಎಂದು ಹರಸಿ, ಮದುವೆಯಾಗದ ಹುಡುಗಿಯರಿಗೆ ಹಂಚುತ್ತಾರೆ.

"ಪರಿಹಾರದವರ ಸಕ್ಕರೆ ಎಲ್ಲಾ ಇದರಲ್ಲೇ ಹೋಯ್ತು," ಅಂದಳು. "ನಾಳೆಯಿಂದ ನಂಗೆ ಕಹಿ ಕಾಫಿಯೇ ಗತಿ. ಏಯ್, ಆ ಮೆಟ್ಟಿಲ ಮೇಲೆ ಕಾಲಿಡ್ಬೇಡಿ. ಅದು ಯಾರದ್ದೋ ಸಮಾಧಿ ಕಲ್ಲು."

ಮೂವರೂ ಅದನ್ನು ದಾಟಿ ಒಳಗೆ ಹೋದರು. ಒಳಗೆಲ್ಲ ಹಬೆ. ಬುಯೆನಾ ದಮ್ಮಡಿ ಬಡಿದು ಹಾಡು ಶುರುಮಾಡಿದಳು. ಎರಡನೆಯ ಸಾಲು ಮರೆತಿತ್ತು, ಮೊದಲನೆಯದನ್ನೇ ಮತ್ತೆ ಹಾಡಿದಳು. ಜೋಯಾ ಗೋಡೆಗೆ ಬೆನ್ನು ಒತ್ತಿ, ಟವೆಲನ್ನು ಮುಂದೆ ಹಿಡಿದು ನಿಂತಳು.

"ತೆಗಿಯೇ. ನಾನೇನು ಗಂಡಸಾ? ಅಬ್ಬಬ್ಬಾ, ಬರೀ ಮೂಳೆ ಚಕ್ಕಳ. ನಮ್ಮ ಮೆಂತೆಷ ಹಾಸಿಗೇಲಿ ನಿನ್ನ ಹುಡುಕ್ಬೇಕಾಗತ್ತೆ."

ಟವೆಲು ಕೆಳಗಾಯಿತು. ದಮ್ಮಡಿ ನಿಂತಿತು.

"ಅಪೆಂಡಿಕ್ಸು," ಅಂದಳು ಲೂನಾ ಹಿಂದಿನಿಂದ.

"ಹೊಟ್ಟೆಯಿಡೀನಾ?" ಬುಯೆನಾ ಹತ್ತಿರ ಬಂದು ಬಗ್ಗಿ ನೋಡಿದಳು. "ತಿರುಗು."

ಹೇಳಿದಂತೆ ತಿರುಗಿ ನಿಲ್ಲುವುದು ಜೋಯಾಳಿಗೆ ಅಭ್ಯಾಸವಾಗಿಹೋಗಿತ್ತು. ತಿರುಗಿದಳು. ಬೆನ್ನ ಮೇಲೆ, ಸೊಂಟದ ಹತ್ತಿರ, ಇಸ್ತ್ರಿಪೆಟ್ಟಿಗೆ ಒತ್ತಿದ ಹಾಗೆ ಕಪ್ಪು ಚೌಕ.

"ಅಪೆಂಡಿಕ್ಸ್ ಅಲ್ಲ, ಅತ್ತೆ," ಅಂದಳು ಗೋಡೆಗೆ. "ಅಲ್ಲಿನ ಡಾಕ್ಟರು ಮಾಡಿದ್ದು. ಮೊದಲು ಸುಟ್ಟ್ರು, ಆಮೇಲೆ ಕೊಯ್ದ್ರು. ನಂಗೆ ಮಕ್ಕಳಾಗಲ್ಲ."

ಮುದುಕಿ ಕಲ್ಲುಬೆಂಚಿನ ಮೇಲೆ ಕೂತಳು.

"ಅವನಿಗೆ ಗೊತ್ತಾ?"

"ಇಲ್ಲ."

"ಹಾಗಾದ್ರೆ ನಮ್ಮಣ್ಣನ ಹೆಸರು?" ಅಂದಳು ಬುಯೆನಾ. ಅಷ್ಟು ಕೇಳಿ ಅಳತೊಡಗಿದಳು.

ಲೂನಾಳಿಗೆ ಸಿಟ್ಟು ಬಂತು. "ಸತ್ತವರಿಗೆ ಅಳ್ತಾ ಕೂತ್ಕೊಳ್ಳಿ. ಇವಳು ಇಲ್ಲಿ ಬೆತ್ತಲೆ ನಿಂತಿದಾಳೆ, ಕಣ್ಣಿಗೆ ಕಾಣಲ್ವಾ?"

ಜೋಯಾಳಿಗೆ ಸಿಟ್ಟೂ ಬರಲಿಲ್ಲ. ಇದುವರೆಗೆ ಕೇಳಿದವರಲ್ಲಿ ಯಾರೂ ಅತ್ತಿರಲಿಲ್ಲ ಅನ್ನುವುದಷ್ಟೇ ನೆನಪಾಯಿತು. ಒಬ್ಬಳೇ ಮೆಟ್ಟಿಲಿಳಿದು ಸ್ನಾನದ ಕೊಳದಲ್ಲಿ ಮುಳುಗಿದಳು. ನೀರು ಬೆಚ್ಚಗಿತ್ತು. ಮೇಲೆ ಬಂದಾಗ ಬುಯೆನಾ ರೋಸ್ಕಾವನ್ನು ಮುರಿಯದೆ ಮತ್ತೆ ಬಟ್ಟೆಯಲ್ಲಿ ಕಟ್ಟುತ್ತಿದ್ದಳು. ಗಂಟು ಸರಿಯಾಗಿ ಬೀಳುತ್ತಿರಲಿಲ್ಲ. ಬಿಚ್ಚಿ, ಇನ್ನೊಮ್ಮೆ ಕಟ್ಟಿ, ಯಾರನ್ನೂ ನೋಡದೆ ಹೊರಟುಹೋದಳು.

ಮುದುಕಿ ಹೇಳುವ ಮೊದಲು ತಾನೇ ಹೇಳಬೇಕು. ಒದ್ದೆ ಕೂದಲಲ್ಲೇ ಜೋಯಾ ಬಂದರಿಗೆ ನಡೆದಳು. ಮೆಂತೆಷ ಹಿಟ್ಟಿನ ಮೂಟೆ ಹೊರುತ್ತಿದ್ದ, ಹುಬ್ಬೆಲ್ಲ ಬೆಳ್ಳಗಾಗಿತ್ತು.

"ಏನಿದು, ಗಂಡನ್ನ ನೋಡೋಕೆ ಓಡಿಬರೋ ಮದುಮಗಳು!" ಅಂದ. ಅವಳ ಮುಖ ನೋಡಿ ಮೂಟೆ ಇಳಿಸಿದ.

ಅವಳು ಹೇಳಿದಳು. ಅತ್ತೆಗೆ ಹೇಳಿದಷ್ಟೇ ಮಾತು. ಹೆಚ್ಚಿಗೆ ಹೇಳಲು ಶಕ್ತಿಯಿರಲಿಲ್ಲ. ಅವನು ಮೂಟೆಯ ಮೇಲೆ ಕೂತು ಕೇಳಿದ.

"ನಾನು ಹೆಸರು ಹೇಳ್ದಾಗೆಲ್ಲ ಹೂಂ ಅಂತಿದ್ದೆಯಲ್ಲ."

"ಹೂಂ."

"ಯಾಕೆ?"

"ನಿನ್ನ ಮುಖ ನೋಡಿ."

ಅವನು ಎದ್ದು ದಡದ ಅಂಚಿಗೆ ಹೋಗಿ ಬೆನ್ನು ತಿರುಗಿಸಿ ನಿಂತ. ಮೇಸ್ತ್ರಿ ಕೂಗುತ್ತಲೇ ಇದ್ದ. ಜೋಯಾ ಅಲ್ಲೇ ನಿಂತಳು. ಬೇಡ ಅಂದರೆ ಕೋಣೆಗೆ ಹೋಗಿ ಮಲಗುವುದು. ಲೂನಾ ಏನಾದರೊಂದು ತಮಾಷೆ ಮಾಡುತ್ತಾಳೆ. ಭಾನುವಾರ ಒಟ್ಟಿಗೆ ಮದುವೆಯಾಗುವ ಜೋಡಿಗಳಲ್ಲಿ ಒಂದು ಕಡಿಮೆಯಾಗುತ್ತದೆ.

ಅವನು ತಿರುಗಿ ಬಂದಾಗ ಕೆನ್ನೆಯ ಮೇಲಿನ ಹಿಟ್ಟು ಅಲ್ಲಲ್ಲಿ ಅಂಟಾಗಿತ್ತು.

"ಅತ್ತೆ ರೋಸ್ಕಾ ಮುರಿದಳಾ?"

"ಇಲ್ಲ. ಕಟ್ಕೊಂಡು ಹೋದ್ರು."

"ನಡಿ," ಅಂದ.

ಬುಯೆನಾ ತನ್ನ ಕೋಣೆಯಲ್ಲಿ ಕಹಿ ಕಾಫಿ ಮುಂದಿಟ್ಟುಕೊಂಡು ಕೂತಿದ್ದಳು, ಗಂಟು ಮೇಜಿನ ಮೇಲಿತ್ತು. ಮೆಂತೆಷ ಏನೂ ಕೇಳದೆ ಗಂಟು ಬಿಚ್ಚಿ, ರೋಸ್ಕಾ ಎತ್ತಿಕೊಂಡು, ಜೋಯಾಳನ್ನು ಕುರ್ಚಿಯಲ್ಲಿ ಕೂರಿಸಿದ.

"ಅಯ್ಯೋ! ಗಂಡಸರು ಮುರಿಯೋದಲ್ಲ ಕಣೋ ಅದು!" ಮುದುಕಿ ಎದ್ದಳು.

"ಹೆಂಗಸರು ಎಲ್ಲಿದಾರೆ? ನೀನೊಬ್ಬಳು, ನೀನೂ ಕಟ್ಕೊಂಡು ಬಂದೆ."

"ಅದು ಮಕ್ಕಳಾಗ್ಲಿ ಅಂತ ಮುರಿಯೋದು. ಏನಂತ ಮುರೀತೀಯ ಈಗ?"

ಅವನು ರೋಸ್ಕಾ ಹಿಡಿದು ಯೋಚಿಸಿದ. ಸುಮ್ಮನೆ ಜೋಯಾಳ ತಲೆಯ ಮೇಲೆ ಮುರಿದ. ಮೂಟೆ ಹೊರುವ ಕೈಗಳಿಗೆ ನಾಜೂಕು ತಿಳಿಯದು. ರೊಟ್ಟಿ ಪುಡಿಪುಡಿಯಾಗಿ ಅವಳ ಒದ್ದೆ ಕೂದಲೊಳಗೆ, ಕತ್ತಿನೊಳಗೆ ಇಳಿಯಿತು.

"ನೋಡಿದ್ಯಾ? ಹಾಳುಮಾಡ್ದೆ," ಅಂದಳು ಬುಯೆನಾ. ಅಂದವಳೇ ಬಾಚಣಿಗೆ ತಂದು ಜೋಯಾಳ ಹಿಂದೆ ನಿಂತಳು. ದೊಡ್ಡ ಚೂರುಗಳನ್ನು ಬೆರಳಲ್ಲೇ ಎತ್ತಿ ತೆಗೆದಳು. ಆಮೇಲೆ ಬಾಚಿದಳು.

"ನಂಗೆ ಸಿಟ್ಟಿದೆ," ಅಂದ ಮೆಂತೆಷ, ನೆಲದ ಮೇಲಿನ ಚೂರು ಆಯ್ದು ಬಾಯಿಗೆ ಹಾಕಿಕೊಳ್ಳುತ್ತ. "ನಿನ್ನ ಮೇಲೂ ಇದೆ. ನಾಳೆನೂ ಇರತ್ತೆ."

"ಇರ್ಲಿ," ಅಂದಳು ಜೋಯಾ.

"ಭಾನುವಾರ ಬೇಗ ಏಳ್ಬೇಕು. ಅಷ್ಟೂ ಜೋಡಿಗಳಿಗೆ ಒಂದೇ ಮಂಟಪ, ತಡಮಾಡಿದ್ರೆ ಕೊನೇಲಿ ನಿಲ್ಲಿಸ್ತಾರೆ."

ಅವಳು ಹೂಂ ಅಂದಳೋ ಇಲ್ಲವೋ. ಬಾಚಣಿಗೆ ಕೂದಲಿನಿಂದ ಸಕ್ಕರೆ ಎಳೆಯುತ್ತಿತ್ತು. ಕೂತಲ್ಲೇ ಅವಳ ತಲೆ ಒಂದು ಪಕ್ಕಕ್ಕೆ ವಾಲಿತು. ನಿದ್ದೆ ಬಂದುಬಿಟ್ಟಿತ್ತು.

"ಶ್," ಅಂದಳು ಬುಯೆನಾ, ವಾಲಿದ ತಲೆಯನ್ನು ತನ್ನ ಹೊಟ್ಟೆಗೆ ಒರಗಿಸಿಕೊಂಡು. "ಕಾಫಿ ಕುಡೀತೀಯೇನೋ? ಸಕ್ಕರೆ ಇಲ್ಲ."