ಅರ್ಧ ಕ್ರಾಪು

“ಏಳನೇ ಕ್ಲಾಸು ದಾಟದ ದಡ್ಡ, ಮೆಷಿನ್ ಬೇಡ ಅಂತ ಸಹಿ ಹಾಕಿ ಅಪ್ಪನ್ನ ಮುಗಿಸಿಬಿಟ್ಟ! ಎಲ್ಲರೂ ನೋಡ್ಕೊಳ್ಳಿ, ಇವನೇ!”

ಅಂಗಳದಲ್ಲಿ ಕುರ್ಚಿ ಹಾಕುತ್ತಿದ್ದ ಕಿರಿಯವನ ಕೈ ಅಲ್ಲೇ ನಿಂತಿತು. ಕೂಗಿದವನು ಸ್ವಂತ ಅಣ್ಣ, ಕಾಲೇಜು ಮೇಷ್ಟ್ರು. ನಡುಮನೆಯಲ್ಲಿ ಅಪ್ಪನ ಶವ ಮಲಗಿಸಿದ್ದರು. ಐವತ್ತು ವರ್ಷ ಕತ್ತರಿ ಹಿಡಿದ ಕ್ಷೌರಿಕ. ಎಂಥ ದೊಡ್ಡ ಮನುಷ್ಯನೂ ಅವರ ಮುಂದೆ ತಲೆ ಬಗ್ಗಿಸಿದವನೇ. ಕಿರಿಯವನಿಗೆ ಮೈಯೆಲ್ಲ ಉರಿದುಹೋಯಿತು. ಜೇಬಿನಲ್ಲಿ ಅಪ್ಪನದೇ ಕೈಬರಹದ ಚೀಟಿಯಿತ್ತು. ಒಂದು ಸಲ ಓದಿದರೆ ಸಾಕು, ಅಣ್ಣನ ಬಾಯಿ ಬಂದ್.

“ಬಿಡಿ ಮೇಷ್ಟ್ರೇ,” ಎಂದರು ಊರಿಗೆ ಅಂಚೆ ಹಂಚುವ ಪೋಸ್ಟಣ್ಣ. “ಪೈಪು ಚುಚ್ಚಿಸ್ಕೊಂಡು ಆಸ್ಪತ್ರೇಲಿ ಬಿದ್ದಿರೋ ಆಸಾಮಿನಾ ನಿಮ್ಮಪ್ಪ? ಮನೆಗೆ ಬಂದಮೇಲೆ ಕಣ್ಣು ಬಿಟ್ಟು ಒಂಬತ್ತು ದಿನ ಕಿಟಕಿ ಪಕ್ಕ ರಾಜನ ಥರ ಇದ್ರು. ಮೊನ್ನೆ ನನ್ನ ಮೀಸೆ ಎಡಗಡೆ ಜಾಸ್ತಿ ಆಗಿದೆ ಅಂದ್ರು!”

“ಮಾತೇ ನಿಂತಿತ್ತಲ್ಲ, ಹೆಂಗಂದ್ರು?” ಅತ್ತೆ ಮೂಗೊರೆಸಿಕೊಂಡು ಕೇಳಿದರು.

“ಎರಡು ಬೆರಳು ಕತ್ತರಿ ಥರ ಆಡಿಸಿದ್ರು ಕಣಮ್ಮ!”

ಅಳುತ್ತಿದ್ದವರೆಲ್ಲ ಗೊಳ್ಳೆಂದು ನಕ್ಕರು.

*

ಎರಡು ವರ್ಷದ ಹಿಂದೆ, ಅಂಗಡಿಯಲ್ಲಿ ಕಿರಿಯವನ ಗಡ್ಡಕ್ಕೆ ಸೋಪು ಹಚ್ಚುತ್ತ ಅಪ್ಪ ಹೇಳಿದ್ದರು:

“ನನಗೆ ಪ್ರಜ್ಞೆ ತಪ್ಪಿದ್ರೆ ಡಾಕ್ಟರ ಹತ್ರ ನೀನೇ ಮಾತಾಡ್ಬೇಕು. ಸಾಕ್ಷಿ ಹಾಕಿಸಿ ನಿನ್ನ ಹೆಸರಿಗೆ ಕಾಗದ ಮಾಡಿದೀನಿ. ಮೆಷಿನ್ನಲ್ಲಿ ನನ್ನ ಉಸಿರಾಡಿಸಬೇಡ, ಮನೆಗೆ ಕರ್ಕೊಂಡು ಬಾ.”

“ಅಣ್ಣ ಓದಿದಾನಲ್ಲಪ್ಪ?”

“ಓದಿದಾನೆ. ಎಂಟು ವರ್ಷದವನಿದ್ದಾಗ ಕಿವಿ ಹತ್ರ ಒಂದು ಹನಿ ರಕ್ತ ಕಂಡು ಅರ್ಧ ಕ್ರಾಪಲ್ಲೇ ಎದ್ದು ಓಡಿದ. ಸ್ಕೂಲ್ ಫೋಟೋದಲ್ಲಿ ಇವತ್ತಿಗೂ ಅರ್ಧ ತಲೆ!” ಅಪ್ಪನ ನಗುವಿಗೆ ಸೋಪಿನ ಬ್ರಷ್ಷೇ ಕುಣಿಯಿತು. “ನನ್ನ ಕಳಿಸಿಕೊಡೋ ಮಾತು ಅವನ ಬಾಯಲ್ಲಿ ಬರಲ್ಲ ಕಣೋ. ಬಂದ್ರೂ ಸಾಯೋತನಕ ಕೊರಗ್ತಾನೆ. ಅವನಿಗೆ ಆ ಭಾರ ಬೇಡ. ಅದನ್ನೇ ಈ ಚೀಟೀಲಿ ಬರೆದಿದೀನಿ. ಕೋರ್ಟು ಗೀರ್ಟು ಅಂದ್ರೆ ಮಾತ್ರ ತೋರಿಸು. ಇಲ್ಲಾಂದ್ರೆ ನೀನೇ ಬೈಸ್ಕೋ. ಹೇಗೂ ಅಭ್ಯಾಸ ಇದೆಯಲ್ಲ!”

*

“ಬಾಯಿ ಬಿಡೋ!” ಅಣ್ಣನ ದನಿ ಒಡೆಯಿತು. “ಹಿರಿಮಗ ನಾನಿರುವಾಗ ನಿನ್ನ ಹೆಸರು ಯಾಕೆ ಬರೆದ್ರು? ನನ್ನ ಮೇಲೆ ನಂಬಿಕೆ ಇರಲಿಲ್ವಾ?”

ಕಿರಿಯವನ ಕೈ ಜೇಬಿಗೆ ಹೋಯಿತು. ಬೆರಳಿಗೆ ಚೀಟಿಯ ಅಂಚು ತಾಗಿತು.

ಆಗ ಅವನಿಗೆ ಅಣ್ಣನ ತಲೆ ಕಂಡಿತು. ನಲವತ್ತೈದಾದರೂ ಅಪ್ಪನ ಕೈಗೆ ಬಿಟ್ಟು ಇನ್ನೊಬ್ಬರ ಕೈಗೆ ಕೊಡದ ತಲೆ. ಅಪ್ಪ ಹಾಸಿಗೆ ಹಿಡಿದ ಈ ಮೂರು ತಿಂಗಳಲ್ಲಿ ಕೂದಲು ಕಿವಿ ಮುಚ್ಚಿ ಕಾಲರ್ ಮೇಲೆ ಬಿದ್ದಿತ್ತು.

ಅವನು ಬರಿಗೈ ಹೊರತೆಗೆದ. ಕೊನೆಯ ಕುರ್ಚಿ ತಂದು ಅಣ್ಣನ ಹಿಂದಿಟ್ಟು, ಭುಜ ಒತ್ತಿ ಕೂರಿಸಿದ. ಆಮೇಲೆ ಕತ್ತರಿ ತರಲು ಎದುರಿಗಿದ್ದ ಅಪ್ಪನ ಅಂಗಡಿಯ ಕಡೆ ನಡೆದ. ಹಿಂದೆ ಪೋಸ್ಟಣ್ಣ ಮತ್ತೇನೋ ಹೇಳಿದ್ದಕ್ಕೆ ಎಲ್ಲರೂ ನಗುತ್ತಿದ್ದರು. ನಡೆದಂತೆ ಅವನ ಬಲಗೈಯ ಎರಡು ಬೆರಳುಗಳು ತಮ್ಮಷ್ಟಕ್ಕೆ ತಾವೇ ಕತ್ತರಿಯಂತೆ ಆಡುತ್ತಿದ್ದವು.