ನಲವತ್ತೆರಡು ಡಿಗ್ರಿಯ ತೂಕ

ನಮ್ಮ ಕಂಪೆನಿಗೆ ಇದ್ದದ್ದು ಒಂದೇ ವಿಮಾನ. ಜೆಟ್ ಯುಗದ ಚೊಚ್ಚಲ ಮಕ್ಕಳಲ್ಲಿ ಒಂದು. ಎರಡು ದೊಡ್ಡ ಕಂಪೆನಿಗಳಲ್ಲಿ ದುಡಿದು ಸವೆದು, ಎಪ್ಪತ್ತೆಂಟರ ಹೊತ್ತಿಗೆ ಬಹರೈನಿಗೆ ಬಂದು ಬೊಂಬಾಯಿಗೆ ಮಂಗಳವಾರ, ಶುಕ್ರವಾರ ಹಾರುತ್ತಿತ್ತು. ರೆಕ್ಕೆಯಡಿ ಪೆನ್ಸಿಲಿನ ಹಾಗೆ ಸಪೂರದ ನಾಲ್ಕು ಎಂಜಿನ್. ಕಿರುಚಾಟ ಮಾತ್ರ ನಲವತ್ತರದ್ದು. ಅದರ ತೂಕದ ಪಟ್ಟಿ ಬರೆಯುವವನು ನಾನು, ಉಡುಪಿಯ ರಾಜೀವ, ಬಿ.ಎಸ್ಸಿ. ಏನು ಕಾರುಬಾರು ಎಂದು ಕೇಳಿದವರಿಗೆ 'ಹಾರುಬಾರು' ಎನ್ನುತ್ತಿದ್ದೆ.

ಆ ಮಾದರಿಯನ್ನು ಕಟ್ಟಿದವರು ಚಳಿ ದೇಶದವರು. ಸೆಕೆ ಏರಿದಂತೆ ಗಾಳಿ ತೆಳ್ಳಗಾಗುತ್ತದೆ, ಎಂಜಿನ್ ಏದುಸಿರು ಬಿಡುತ್ತದೆ, ರೆಕ್ಕೆಗೆ ಹಿಡಿತ ಸಿಗುವುದಿಲ್ಲ. ಮೂವತ್ತು ಡಿಗ್ರಿಯಲ್ಲಿ ಹೊರುವ ಭಾರವನ್ನು ನಲವತ್ತೆರಡರಲ್ಲಿ ಹೊರಿಸಿದರೆ ರನ್‌ವೇ ಮುಗಿದರೂ ನೆಲ ಬಿಡದು. ಅತಿ ಭಾರ, ಮೇಲೆ ಬಾರ. ಮುಂದಿನ ಮಾದರಿಗಳಿಗೆ ದಪ್ಪ ಎಂಜಿನ್ ಹಾಕಿದರಂತೆ. ನಮ್ಮದಕ್ಕೆ ಆ ಭಾಗ್ಯ ಇರಲಿಲ್ಲ.

ಹಿಂದಿನ ಮಂಗಳವಾರ ಅದು ರನ್‌ವೇಯ ತುತ್ತತುದಿಯಲ್ಲಿ ಎದ್ದಿತ್ತು. ಕ್ಯಾಪ್ಟನ್ ಜಾರ್ಜ್ ನನ್ನ ಪಟ್ಟಿಯನ್ನು ಅನುಮಾನಿಸಿದ. ತಪ್ಪು ನನ್ನದೇ. ಕೈಚೀಲಕ್ಕೆ ತಲಾ ಐದು ಕಿಲೋ ಎಂದು ಕಣ್ಣುಮುಚ್ಚಿ ಬರೆಯುತ್ತಿದ್ದೆ. ನಮ್ಮೂರಿನವರನ್ನು ತಕ್ಕಡಿಗೆ ಹತ್ತಿಸಲು ನನಗೆ ದಾಕ್ಷಿಣ್ಯ.

ಹಾಗಾಗಿ ಮೇ ತಿಂಗಳ ಆ ಶುಕ್ರವಾರ ಮಧ್ಯಾಹ್ನ ಪ್ರತಿ ಕೈಚೀಲವನ್ನೂ ತೂಗಬೇಕಾಯಿತು. ಕನ್ನಡದಲ್ಲಿ ಬೇಡಿಕೊಂಡೆ, ಯಾರೂ ಕದಲಲಿಲ್ಲ. ಮೈಕ್ ಹಿಡಿದು, ಮೂಗು ಒತ್ತಿಕೊಂಡು, ಜಾರ್ಜನ ಗೊಗ್ಗರು ಇಂಗ್ಲಿಷಿನಲ್ಲಿ ಗದರಿದೆ. ಸಾಲು ತಾನಾಗಿ ನಿಂತಿತು.

ಸಾಲಿನ ಕೊನೆಗೆ ಸಿತ್ರಾದ ರಿಫೈನರಿಯ ಫಿಟ್ಟರ್ ಮುಂಡಪ್ಪ, ಹೆಗಲ ಮೇಲೆ ಕಂಬಳಿಯ ಗಂಟು. ಮುಖದಲ್ಲಿ ದಿಂಬು ಹೊತ್ತವನ ನೆಮ್ಮದಿ, ಕುತ್ತಿಗೆಯಲ್ಲಿ ಉಬ್ಬಿದ ನರ.

"ಮುಂಡಪ್ಪಣ್ಣ, ಇದೆಂಥದು?"

"ಕಂಬಳಿ."

"ಕಂಬಳಿಗೆ ಬೋಲ್ಟು ಉಂಟಾ?"

"ಒಳಗೆ ಸ್ವಲ್ಪ ಪಂಪು ಉಂಟು ಮಾರಾಯ."

ತಕ್ಕಡಿಯ ಮುಳ್ಳು ನಲವತ್ತಕ್ಕೆ ಹೋಯಿತು. ಎಲ್ಲ ಕೂಡಿಸಿದಾಗ ವಿಮಾನಕ್ಕೆ ಹೆಚ್ಚಾದದ್ದೂ ಸರಿಸುಮಾರು ಅಷ್ಟೇ. ಇಂಧನ ಇಳಿಸುವಂತಿಲ್ಲ, ದಾರಿಯುದ್ದ ಸಮುದ್ರ. ಸಂಜೆಯ ತಂಪಿಗೆ ಕಾಯುವಂತಿಲ್ಲ, ಬೊಂಬಾಯಿಯಲ್ಲಿ ಇಳಿಯಲು ಕೊಟ್ಟ ಸಮಯ ತಪ್ಪುತ್ತದೆ. "ಆ ಕಬ್ಬಿಣ, ಇಲ್ಲವೇ ಕೊನೆಗೆ ಟಿಕೆಟ್ ಮಾಡಿದವರು ಇಳಿಯಬೇಕು. ಹತ್ತು ನಿಮಿಷ" ಎಂದ ಜಾರ್ಜ್.

ಕೊನೆಯ ಟಿಕೆಟ್ ಕಿನ್ನಿಗೋಳಿಯ ನರ್ಸ್ ಪೆಟ್ರೊನಿಲ್ಲಾಳದ್ದು.

"ಭಾನುವಾರ ಸಂಜೆ ನನ್ನ ತಮ್ಮನ ರೋಸ್, ಮರುದಿನ ಮದುವೆ" ಎಂದಳು ಅವಳು. "ಅಮ್ಮ ಇಲ್ಲ. ಮದುಮಗನ ತಲೆಗೆ ಮೊದಲು ತೆಂಗಿನ ಹಾಲು ಹಾಕುದು ನಾನು. ಮಂಗಳವಾರ ಹೋಗಿ ಎಂಥ ಮಾಡ್ಲಿ, ಪಾತ್ರೆ ತೊಳೀಲಿಕ್ಕಾ? ನಿಮ್ಮ ಪಂಪಿಗೆ ಮದುವೆ ಇಲ್ಲ ಅಲ್ವಾ?"

"ಸೋಮವಾರ ಪಂಪಿಗೆ ಕರೆಂಟು ಕೊಡ್ಲಿಕ್ಕೆ ಲೈನ್‌ಮ್ಯಾನ್ ಬರ್ತಾನೆ ಸಿಸ್ಟರ್. ಅವನ ದರ್ಶನ ಮತ್ತೆ ಮುಂದಿನ ವರ್ಷವೇ. ನನ್ನ ಹೆಂಡತಿ ಅಮ್ಮು ಹದಿನಾಲ್ಕು ವರ್ಷದಿಂದ ಬಾವಿಯಿಂದ ನೀರು ಎಳೀತಿದ್ದಾಳೆ."

ಪೆಟ್ರೊನಿಲ್ಲಾಳ ಹೆಸರನ್ನು ಹೊಡೆದುಹಾಕಲು ನನ್ನ ಪೆನ್ನು ಏಳಲಿಲ್ಲ.

ಮುಂಡಪ್ಪ ಕಿಟಕಿಯಾಚೆ ನೋಡುತ್ತಿದ್ದ. ವಿಮಾನದ ಪಕ್ಕ ಒಂದು ಲಾರಿ, ಅದರಿಂದ ಹೊಟ್ಟೆಗೆ ಕೊಳವೆ.

"ಅದಕ್ಕೆ ಎಂಥ ಕುಡಿಸುದು?"

"ನೀರು. ಏಳುವಾಗ ಎಂಜಿನ್ನಿಗೆ ನೀರು ಹಾಯಿಸಿದ್ರೆ ಮಾತ್ರ ಈ ಸೆಕೆಗೆ ಬಲ ಬರುದು. ಹಳೇ ಜೆಟ್ ಅಲ್ವಾ."

"ಲಾರಿಯಲ್ಲಿ ಪಂಪು ಉಂಟಾ?"

"ಇಲ್ಲದೆ?"

ಅವನು ನಕ್ಕ. "ನೋಡು, ಇಷ್ಟು ದೊಡ್ಡ ವಿಮಾನಕ್ಕೂ ಪಂಪು ಬೇಕು, ಮುಂಡಪ್ಪ ಬೇಡ. ಸೋಮವಾರ ನಾನಿದ್ದು ಎಂಥ ಮಾಡುದು? ನನ್ನನ್ನು ತೂಗು."

ಅರುವತ್ತೊಂದು ಕಿಲೋ. ಅವನು ಇಳಿದರೆ ಪೆಟ್ರೊನಿಲ್ಲಾಳೂ ಹೋಗಬಹುದು, ಪಂಪೂ.

"ಸಿಸ್ಟರ್, ಬೊಂಬಾಯಿಯಿಂದ ಬಸ್ಸಿನ ಟಾಪಿಗೆ ಹಾಕಿಸಿ. ಭಾನುವಾರ ಮೂಲ್ಕಿಯಲ್ಲಿ ನನ್ನ ಭಾವ ಚೆನ್ನು ಇಳಿಸಿಕೊಳ್ತಾನೆ."

"ಆಯ್ತು. ಆದ್ರೆ ಘಾಟಿಯಲ್ಲಿ ಅದಕ್ಕೆ ವಾಂತಿ ಬಂದ್ರೆ ನಾನು ನೋಡುದಿಲ್ಲ, ನನಗೆ ರಜೆ" ಎಂದವಳು, ಕಣ್ಣೊರೆಸಿಕೊಳ್ಳುತ್ತಲೇ ಗಂಟಿನ ಒಂದು ತುದಿ ಹಿಡಿದಳು.

ಮನುಷ್ಯ ಇಳಿದು ಕಬ್ಬಿಣ ಹಾರುವುದನ್ನು ಇದೇ ಮೊದಲು ನೋಡುತ್ತಿದ್ದೇನೆ ಎಂದು ಗೊಣಗುತ್ತ ಜಾರ್ಜ್ ಸಹಿ ಹಾಕಿದ. ಈ ಸಲದ ಪಟ್ಟಿಯಲ್ಲಿ ಒಂದೂ ಸುಳ್ಳು ಕಿಲೋ ಇರಲಿಲ್ಲ.

ಬೇಲಿಯ ಬಳಿ ನಿಂತು ನೋಡಿದೆವು. ನಾಲ್ಕೂ ಎಂಜಿನ್ ಕಪ್ಪು ಹೊಗೆ ಕಕ್ಕಿದವು. ವಿಮಾನ ಓಡಿತು, ಓಡಿತು, ಇನ್ನೂ ಓಡಿತು. ಮುಂಡಪ್ಪ ನನ್ನ ತೋಳು ಹಿಂಡಿದ. ಆಮೇಲೆ ಮೂತಿ ಎತ್ತಿ, ರನ್‌ವೇ ಇನ್ನೂ ಉಳಿದಿರುವಾಗಲೇ ನೆಲ ತೊರೆದು, ಸಮುದ್ರದ ಮೇಲೆ ಸಲೀಸಾಗಿ ಏರಿತು.

"ಹೋಯ್ತು ಮಾರಾಯ!" ಅಂದ, ತಾನೇ ಎತ್ತಿಬಿಟ್ಟವನ ಹಾಗೆ.

ಅಲ್ಲಿಂದ ನೇರ ಅವನ ಮನೆಗೆ ತಂತಿ ಕೊಡಲು ಹೋದೆವು. ಅವನು ಹೇಳಿದ, ನಾನು ಬರೆದೆ: 'ಪಂಪು ಭಾನುವಾರ ಮೂಲ್ಕಿಗೆ ಬಸ್ಸಿನಲ್ಲಿ. ಚೆನ್ನು ಹೋಗಲಿ. ನಾನು ಗುರುವಾರ.'

"ಕ್ಷೇಮ ಅಂತ ಸೇರಿಸಲಾ ಮುಂಡಪ್ಪಣ್ಣ? ಅಮ್ಮು ಅಕ್ಕ ಗಾಬರಿಯಾದ್ರೆ?"

"ಎಂಥ ಗಾಬರಿ! ಮೊದಲನೇ ಸಾಲು ಓದಿಯೇ ಬಾವಿಯ ಕೊಡಪಾನ ಬಿಸಾಡ್ತಾಳೆ. ಮೂರನೇ ಸಾಲು ಗುರುವಾರದೊಳಗೆ ನಿಧಾನಕ್ಕೆ ಓದಿಕೊಳ್ಳಲಿ."