ಮಗ್ಗುಲು ಬದಲಿಸುವ ಮುಂಚೆ

ಒಂದು ಕೈಯನ್ನು ಭುಜದಡಿ, ಇನ್ನೊಂದನ್ನು ಸೊಂಟದಡಿ ತೂರಿಸಿ ನಾಗಲಕ್ಷ್ಮಿ ಅತ್ತೆಯ ಮಗ್ಗುಲು ಬದಲಿಸಲು ನೋಡಿದಳು. ಬೆಟ್ಟಮ್ಮ ಸರಿಯಿದ್ದ ಎಡಗೈಯಿಂದ ಮಂಚದ ಕಂಬಿ ಹಿಡಿದುಕೊಂಡು ಮೈಯನ್ನೆಲ್ಲ ಸೆಟೆಸಿದಳು.

"ಬಿಡಿ ಅತ್ತೆಮ್ಮ, ಕಂಬಿ ಬಿಡಿ."

"ಮುಂಡೇದೆ," ಎಂದಳು ಬೆಟ್ಟಮ್ಮ.

ಲಕ್ವ ಹೊಡೆದ ಮೇಲೆ ಅವಳ ಬಾಯಲ್ಲಿ ಉಳಿದಿದ್ದ ಮಾತು ಅದೊಂದೇ. ಹಸಿವಾದರೂ ಅದೇ, ಖುಷಿಯಾದರೂ ಅದೇ, ಬೈಯುವುದಕ್ಕೂ ಅದೇ. ಯಾವುದು ಯಾವುದೆಂದು ತಿಳಿಯುತ್ತಿದ್ದದ್ದು ದಿನಾ ಬಂದು ಅವಳನ್ನು ನೋಡಿಕೊಳ್ಳುತ್ತಿದ್ದ ಎಸ್ತೇರಮ್ಮನಿಗೆ ಮಾತ್ರ. "ಅದು ನನ್ನ ಹೆಸರು ಕಣ್ರಮ್ಮ, ಇವ್ರು ಇಟ್ಟಿರೋದು," ಎಂದು ನಗುತ್ತಿದ್ದಳು.

ಎಸ್ತೇರಮ್ಮ ನಿನ್ನೆ ಬರಲಿಲ್ಲ. ದುದ್ದದ ಬಾಡಿಗೆ ಮನೆಯಲ್ಲಿ ಮಲಗಿದ್ದಲ್ಲೇ ತೀರಿಕೊಂಡಿದ್ದಾಳೆಂದು ಮಧ್ಯಾಹ್ನ ಫೋನು ಬಂತು. ಇವತ್ತು ಹಾಸನದಲ್ಲಿ ಮಣ್ಣು. ಬೆಟ್ಟಮ್ಮನಿಗೆ ಯಾರೂ ಹೇಳಿಲ್ಲ. ನಿನ್ನೆಯಿಂದ ಅವಳು ಅಂಗಾತವೇ ಇದ್ದಾಳೆ. ಎಸ್ತೇರಮ್ಮ ತಿಂಗಳುಗಟ್ಟಲೆ ತೊಳೆದು ಒಣಗಿಸಿದ್ದ ಬೆನ್ನಿನ ಹುಣ್ಣು ಮತ್ತೆ ಹಸಿಯಾಗಿ ಬಟ್ಟೆಗೆ ಅಂಟಿಕೊಂಡಿತ್ತು.

"ಲೇ, ಬಂದ್ಮೇಲೆ ನೋಡಿದ್ರಾಯ್ತು," ಎಂದ ಪುಟ್ಟಸ್ವಾಮಿ ಬಾಗಿಲಲ್ಲೇ ನಿಂತು. ತಾಯಿ ಹಾಸಿಗೆ ಹಿಡಿದ ಮೇಲೆ ಆ ಕೋಣೆಯ ಹೊಸಿಲು ದಾಟುವುದು ಅವನಿಂದ ಆಗಿರಲಿಲ್ಲ. "ಪೆಟ್ಟಿಗೆ ಮುಚ್ಚಾಕ್ಬುಟ್ರೆ ಮಕಾನೂ ಸಿಕ್ಕಾಕಿಲ್ಲ."

"ಹುಣ್ಣು ಕಿತ್ಕತಾ ಐತೆ ಕಣ್ರೀ. ನೀವಾರ ಒಂದ್ ಕೈ ಹಾಕಿ."

"ನಂಗಾಯ್ತದಾ ಅವೆಲ್ಲ?"

ಅವಳು ಮತ್ತೆ ಬಾಗಿದಳು. ಬೆಟ್ಟಮ್ಮ ಏನನ್ನೋ ಕಾಯುವವಳಂತೆ ಸೊಸೆಯ ಬಾಯನ್ನೇ ನೋಡುತ್ತಿದ್ದಳು. ಆಗ ನಾಗಲಕ್ಷ್ಮಿಗೆ ಹೊಳೆಯಿತು. ಹೊರಳಿಸುವ ಮುಂಚೆ ಎಸ್ತೇರಮ್ಮ ಹೀಗೇ ಕೈಯಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುತ್ತಿದ್ದಳು. ತುಟಿ ಅಲುಗುತ್ತಿತ್ತು, ದನಿ ಇರುತ್ತಿರಲಿಲ್ಲ. ಅದು ಮುಗಿದ ಮೇಲೇ ಬೆಟ್ಟಮ್ಮನ ಬೆರಳು ಕಂಬಿ ಬಿಡುತ್ತಿದ್ದದ್ದು.

"ರೀ, ಅವಮ್ಮ ಏನ್ ಹೇಳ್ಕತಿದ್ಲು?"

"ಯಾರು?"

"ಎಸ್ತೇರಮ್ಮ. ಎತ್ತೋಕ್ ಮುಂಚೆ."

ಪುಟ್ಟಸ್ವಾಮಿ ಚಪ್ಪಲಿ ಹುಡುಕಲು ಹೋದ.

*

ಎಸ್ತೇರಮ್ಮ ಹಾಸನದ ಆಸ್ಪತ್ರೆಯೊಂದರಲ್ಲಿ ಆಯಾ ಆಗಿದ್ದು ನಿವೃತ್ತಳಾದವಳು. ಮದುವೆಯಾಗಿರಲಿಲ್ಲ. ಯಾವ ಊರಲ್ಲಿ ಯಾರು ಹಾಸಿಗೆ ಹಿಡಿದಿದ್ದಾರೆಂದು ಬಸ್ಸಿನಲ್ಲಿ ವಿಚಾರಿಸಿಕೊಂಡು ತಾನಾಗಿಯೇ ಬಂದು ಬಾಗಿಲು ತಟ್ಟುತ್ತಿದ್ದಳು. ಕೊರವಂಗಲದ ಈ ಮನೆಗೂ ಹಾಗೆಯೇ ಬಂದಿದ್ದಳು. ಮೊದಲ ದಿನ ಬೆಟ್ಟಮ್ಮನ ಮೇಲೆ ಕೈಯಿಟ್ಟು ಗಟ್ಟಿಯಾಗಿ, ಪಡಸಾಲೆಗೆ ಕೇಳಿಸುವಂತೆ ಪ್ರಾರ್ಥನೆ ಮಾಡಿದಳು. ಬೆಟ್ಟಮ್ಮ ತನ್ನ ಒಂದೇ ಮಾತನ್ನು ಅಂದಳು. "ಆಮೆನ್ ಅಂತ ತಿಳ್ಕೊತೀನಿ," ಎಂದಳು ಎಸ್ತೇರಮ್ಮ.

ಕೆಲವೇ ದಿನಗಳಲ್ಲಿ ಪುಟ್ಟಸ್ವಾಮಿಯ ತಮ್ಮನ ಮಗ ಧರ್ಮೇಂದ್ರ ಜಗಲಿಯ ಮೇಲೆ ಬಂದು ಕೂತ.

"ದೊಡ್ಡಪ್ಪ, ಊರೆಲ್ಲ ಮಾತಾಡ್ತಾವ್ರೆ. ಒಳೀಕ್ ಬಿಟ್ಕಂಡಿದ್ದೀರಿ, ನಾಳೆ ಅಜ್ಜೀನ ಚರ್ಚಿಗ್ ಕರ್ಕಂಡ್ ಓಯ್ತಾಳೆ."

"ಅವ್ವ ಎದ್ದು ನಡೆಯಂಗಾದ್ರೆ ಕರ್ಕಂಡ್ ಓಗ್ಲಿ ಬಿಡ್ಲಾ. ನಾನೇ ಬಸ್ ಹತ್ತುಸ್ತೀನಿ."

ಇಬ್ಬರೂ ನಕ್ಕರು. ಆದರೆ ಮಾರನೆಯ ಬೆಳಗ್ಗೆ ಪುಟ್ಟಸ್ವಾಮಿ ಹಿತ್ತಲ ಬಾಗಿಲಲ್ಲಿ ಎಸ್ತೇರಮ್ಮನನ್ನು ನಿಲ್ಲಿಸಿದ.

"ನೋಡಮ್ಮ, ನೀನ್ ಮಾಡೋ ಸೇವೆ ಮಾಡು, ನಾನ್ ಬ್ಯಾಡ ಅನ್ನಕಿಲ್ಲ. ಈ ಪ್ರಾರ್ಥನೆ ಗೀರ್ಥನೆ ಮಾತ್ರ ಬ್ಯಾಡ."

ಎಸ್ತೇರಮ್ಮ ಬೆಟ್ಟಮ್ಮನ ಬಟ್ಟೆ ಹಿಂಡುತ್ತಿದ್ದಳು. "ಜೋರಾಗ್ ಬ್ಯಾಡ ಅಂತೀರಾ ಗೌಡ್ರೆ?"

"ಯಾರ್ಗೂ ಕೇಳುಸ್ಬಾರ್ದು, ಅಷ್ಟೆ."

"ಆಯ್ತು," ಎಂದು ಬಟ್ಟೆ ಕೊಡವಿ ಹಗ್ಗದ ಮೇಲೆ ಹರವಿದಳು.

ನಾಳೆಯಿಂದ ಇವಳು ಬರುವುದಿಲ್ಲ ಎಂದುಕೊಂಡು ನಾಗಲಕ್ಷ್ಮಿ ರಾತ್ರಿಯೆಲ್ಲ ಹೆದರಿದಳು. ಗಂಡನಿಗೆ ಒಂದು ಮಾತು ಹೇಳಬಹುದಿತ್ತು, ಹೇಳಲಿಲ್ಲ. ಎಸ್ತೇರಮ್ಮ ಬಂದಳು. ಎಂದಿನಂತೆ ಮುಖ್ಯರಸ್ತೆಯ ಗೇಟಿನ ಹತ್ತಿರ ಬಸ್ಸಿಳಿದು ನಡೆದೇ ಬಂದಳು. ಅವತ್ತಿನಿಂದ ಬರೀ ತುಟಿ. ದನಿ ಕೇಳದೆ ಬೆಟ್ಟಮ್ಮ ಒಂದು ವಾರ ಕೂಗಾಡಿದಳು. ಆಮೇಲೆ ತುಟಿ ನೋಡುವುದನ್ನು ಕಲಿತಳು.

*

ಚರ್ಚಿನ ಅಂಗಳದಲ್ಲಿ ಪೆಟ್ಟಿಗೆಯ ಮುಚ್ಚಳ ಇನ್ನೂ ತೆರೆದಿತ್ತು. ಎಸ್ತೇರಮ್ಮನಿಗೆ ಬಿಳಿ ಸೀರೆ ಉಡಿಸಿದ್ದರು. ನಾಗಲಕ್ಷ್ಮಿ ಸೆರಗಿನೊಳಗಿಂದ ಪುಟ್ಟ ಚೊಂಬು ತೆಗೆದಳು. ಅದರಲ್ಲಿ ಹಾಲು, ಮೇಲೊಂದು ತುಳಸಿ ದಳ.

"ಅದೇನಕ್ಕ?" ಎಂದಳು ತಲೆಯ ಕಡೆ ಕೂತಿದ್ದ ಪ್ರತಿಭಾ. ಅವಳು ಎಸ್ತೇರಮ್ಮನ ಅಣ್ಣನ ಮಗಳು, ಹೊಳೆನರಸೀಪುರದಿಂದ ಬಂದಿದ್ದಳು.

"ಬಾಯಿಗ್ ಬಿಡಾನ ಅಂತ."

"ನಮ್ಮಲ್ಲಿ ಅದೆಲ್ಲ ಮಾಡಲ್ಲ ಅಕ್ಕ." ಪ್ರತಿಭಾ ಮೆಲ್ಲಗೇ ಹೇಳಿದಳು. "ತಪ್ಪು ತಿಳ್ಕೋಬೇಡಿ."

ನಾಗಲಕ್ಷ್ಮಿ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಇಷ್ಟು ದಿನ ಮನೆಗೆ ಬಂದವಳ ಕಡೆಯವರು ಸತ್ತರೆ ಏನು ಮಾಡುತ್ತಾರೆ, ಏನು ಮಾಡುವುದಿಲ್ಲ ಎಂದು ತಾನೊಮ್ಮೆಯೂ ಕೇಳಿರಲಿಲ್ಲ. ಚೊಂಬನ್ನು ಎಲ್ಲಿಡುವುದೆಂದು ತಿಳಿಯದೆ ಹಿಡಿದುಕೊಂಡೇ ಹಿಂದಕ್ಕೆ ಸರಿದಳು.

ಸಭೆಯ ಪಾದ್ರಿ ಶಾಂತರಾಜು ಅಯ್ಯನವರು ಬಂದು ಪುಟ್ಟಸ್ವಾಮಿಯ ಕೈ ಹಿಡಿದರು. ನಾಗಲಕ್ಷ್ಮಿ ಅಲ್ಲೇ ಕೇಳಿಬಿಟ್ಟಳು.

"ಅಯ್ನೋರೆ, ನಮ್ಮತ್ತೇನ ಎತ್ತೋಕ್ ಮುಂಚೆ ಅವಮ್ಮ ಒಂದ್ ಪ್ರಾರ್ಥನೆ ಹೇಳ್ಕಳೋರು. ಯಾವ್ದು ಅದು?"

"ಹೇಗಿತ್ತು, ಒಂದೆರಡು ಮಾತು ಹೇಳಿ ನೋಡೋಣ."

"ಕೇಳುಸ್ತಿರ್ಲಿಲ್ಲ. ಬರೀ ತುಟಿ."

ಶಾಂತರಾಜು ಆಶ್ಚರ್ಯಪಟ್ಟರು. "ಎಸ್ತೇರಮ್ಮನಾ? ಅವರು ಮೆಲ್ಲಗೆ ಪ್ರಾರ್ಥನೆ ಮಾಡೋರೇ ಅಲ್ಲವಲ್ಲಮ್ಮ. ಹಿಂದಿನ ಬೆಂಚಲ್ಲಿ ಕೂತು ಶುರು ಮಾಡಿದ್ರೆ ನನ್ನ ಮೈಕೇ ಬೇಕಾಗ್ತಿರಲಿಲ್ಲ."

ಸುತ್ತ ಇದ್ದವರು ಕಣ್ಣೊರೆಸಿಕೊಂಡೇ ನಕ್ಕರು. ಪುಟ್ಟಸ್ವಾಮಿ ನೆಲ ನೋಡಿದ.

"ನಮ್ಮನೇಲಿ ಹಾಡೇ ಹಾಡೋರು," ಎಂದಳು ಪಕ್ಕದಲ್ಲಿ ನಿಂತಿದ್ದ ಒಬ್ಬ ಹೆಂಗಸು. ಹೆಸರು ಮರುದೇವಿ. ಚನ್ನರಾಯಪಟ್ಟಣದ ಕಡೆಯ ಜೈನರು. ಅವಳ ಗಂಡ ನೇಮಿರಾಜಯ್ಯ ಸಾಯುವ ತನಕ ಎಸ್ತೇರಮ್ಮ ಅವರ ಮನೆಯಲ್ಲೇ ಉಳಿದು ನೋಡಿಕೊಂಡಿದ್ದಳಂತೆ. "ನಮ್ಮ ಯಜಮಾನ್ರು ಅನ್ನೋರು, ನಿಮ್ದು ನೀವು ಹೇಳಿ, ನಂದು ನಾನು ಹೇಳ್ಕೊತೀನಿ, ಯಾರ ದನಿ ದೊಡ್ಡದು ನೋಡೋಣ ಅಂತ. ಇಬ್ಬರೂ ಸೇರಿ ಬೀದಿಗೆಲ್ಲ ಕೇಳಿಸೋರು. ನಾವು ಕತ್ತಲಾದ್ಮೇಲೆ ಉಣ್ಣಲ್ಲ. ನೀವು ತಿನ್ನಿ ಅಂದ್ರೂ ಕೇಳದೆ ಎಸ್ತೇರಮ್ಮನೂ ಹೊತ್ತು ಮುಳುಗೋದ್ರೊಳಗೆ ಉಂಡ್ಬಿಡೋರು."

"ಎತ್ತೋಕ್ ಮುಂಚೆ ಏನ್ ಹೇಳೋರು?" ನಾಗಲಕ್ಷ್ಮಿ ಬಿಡಲಿಲ್ಲ.

ಮರುದೇವಿ ಯೋಚಿಸಿದಳು. "ದಿನಕ್ಕೊಂದು ತರ ಇರ್ತಿತ್ತಮ್ಮ. ಅದು ನಮ್ಮ ಯಜಮಾನ್ರಿಗೆ ಹೇಳ್ತಿದ್ದದ್ದು. ನಿಮ್ಮತ್ತೆಗೆ ಏನು ಹೇಳ್ತಿದ್ರೋ, ನನಗೇನ್ ಗೊತ್ತು?"

"ಬೇಕಿದ್ರೆ ನಾನೊಂದು ಪ್ರಾರ್ಥನೆ ಹೇಳಿಕೊಡ್ತೀನಿ," ಎಂದರು ಶಾಂತರಾಜು.

"ನಿಮ್ದು ನಮ್ಮತ್ತೆಗೆ ಗುರ್ತ್ ಸಿಕ್ಕಾಕಿಲ್ಲ ಅಯ್ನೋರೆ."

ಪೆಟ್ಟಿಗೆಯ ಮುಚ್ಚಳ ಹಾಕಿದರು. ಹಿಂದೆ ಹಾಡು ಶುರುವಾಯಿತು. ಪುಟ್ಟಸ್ವಾಮಿ ಹೆಂಡತಿಯ ಕಡೆ ವಾಲಿ, "ನಾನ್ ಕೇಳುಸ್ಬಾರ್ದು ಅಂದಿದ್ದಷ್ಟೆ ಕಣೆ. ಬೇರೇನೂ ಅನ್ನಲಿಲ್ಲ," ಎಂದ. ಅವಳು ಚೊಂಬಿನ ಹಾಲು ತುಳುಕದಂತೆ ನೋಡಿಕೊಳ್ಳುತ್ತ ನಡೆದಳು.

*

"ಇವತ್ತು ನೀವ್ ಮಾಡಿ, ನಾನ್ ನೋಡ್ತೀನಿ," ಎಂದು ಬೆಟ್ಟಮ್ಮನ ಮಗ್ಗುಲು ಬದಲಿಸುವಾಗ ಎಸ್ತೇರಮ್ಮ ಎಷ್ಟೋ ಸಲ ಕರೆದಿದ್ದಳು. ನಾಗಲಕ್ಷ್ಮಿಗೆ ಒಲೆಯ ಮೇಲೆ ಹಾಲಿರುತ್ತಿತ್ತು, ಇಲ್ಲವೇ ಕೊಟ್ಟಿಗೆಯಲ್ಲಿ ಹಸು ಕೂಗುತ್ತಿತ್ತು. ಒಂದು ದಿನ ಯಾವ ನೆವವೂ ಸಿಗದೆ ಬಾಯಿ ಬಿಟ್ಟಳು.

"ನಮ್ಮವ್ವ ಸತ್ತಾಗ ರಾಗಿ ಒಕ್ಕಣೆ ನಡೀತಿತ್ತು. ಕಣ ಮುಗೀಲಿ ಅಂತ ಈ ಅತ್ತೆಮ್ಮ ಸುದ್ದೀನೆ ಮುಚ್ಚಿಟ್ರು. ನಾನ್ ಅರಕಲಗೂಡಿಗ್ ಓಗೋದ್ರಲ್ಲಿ ಮಣ್ಣ್ ಮಾಡ್ಬುಟ್ಟಿದ್ರು. ಅವ್ವನ್ ಮಕ ನೋಡ್ನಿಲ್ಲ ನಾನು. ಈ ಮೈ ಮುಟ್ಟೋಕೆ ನನ್ ಕೈ ಬರಾಕಿಲ್ಲ."

ಬೆಟ್ಟಮ್ಮನಿಗೆ ಕೇಳಿಸುತ್ತಿತ್ತು. ಅವಳು ಜಂತೆ ನೋಡುತ್ತಿದ್ದಳು.

ಕ್ಷಮಿಸಿಬಿಡಿ, ದೇವರು ನೋಡುತ್ತಾನೆ, ಅಂಥ ಏನನ್ನೋ ಹೇಳುತ್ತಾಳೆ ಎಂದುಕೊಂಡು ನಾಗಲಕ್ಷ್ಮಿ ತಿರುಗಿ ಮಾತಾಡಲು ಸಿದ್ಧಳಾಗಿದ್ದಳು.

"ಅದು ತಪ್ಪೇ ಕಣಮ್ಮ," ಎಂದಳು ಎಸ್ತೇರಮ್ಮ. "ದೊಡ್ಡ್ ತಪ್ಪು. ಅದು ಅಲ್ಲೇ ಇರ್ಲಿ. ಈಗ ಇತ್ತಗ್ ಬಂದು ಸೊಂಟದ್ ಕೆಳೀಕ್ ಒಂದ್ ಕೈ ಇಡಿ."

ನಾಗಲಕ್ಷ್ಮಿ ಇಟ್ಟಿರಲಿಲ್ಲ. ಹಾಲು ಉಕ್ಕುತ್ತದೆಂದು ಹೊರಗೆ ಹೋಗಿದ್ದಳು.

*

ಹಾಲನ್ನು ಸ್ಮಶಾನದ ಗೋಡೆಯ ಬುಡಕ್ಕೆ ಚೆಲ್ಲಿ, ಬರೀ ಚೊಂಬು ಹಿಡಿದು ಅವಳು ಮನೆಗೆ ಬಂದಾಗ ಹೊತ್ತು ಇಳಿದಿತ್ತು. ಬಸುರಿ ಸೊಸೆ ಸೌಜನ್ಯ ಬಾಗಿಲಲ್ಲೇ ನಿಂತಿದ್ದಳು.

"ಅತ್ತೆ, ಅಜ್ಜಿ ಮಧ್ಯಾಹ್ನದಿಂದ ಕೂಗ್ತಾನೇ ಐತೆ. ನೀರೂ ಕುಡೀಲಿಲ್ಲ. ನಾನೊಬ್ಳೇ ಎತ್ತೋಕ್ ಭಯ ಆಯ್ತು."

ಒಳಗಿನಿಂದ ಆ ಒಂದೇ ಮಾತು ಬರುತ್ತಿತ್ತು. ಬೈಗುಳವಾಗಿರಲಿಲ್ಲ. ಏನೆಂದು ನಾಗಲಕ್ಷ್ಮಿಗೆ ತಿಳಿಯಲಿಲ್ಲ.

"ಸೀದಾ ಒಳೀಕ್ ಓಗ್ಬ್ಯಾಡ," ಎಂದ ಪುಟ್ಟಸ್ವಾಮಿ. "ಮಣ್ಣಿಗ್ ಓಗ್ ಬಂದು ಕಾಯ್ಲೆ ಬಿದ್ದೋರನ್ನ ಮುಟ್ಬಾರ್ದು. ಹಂಡೆಗ್ ಉರಿ ಹಾಕ್ಲಿ, ನೀರ್ ಉಯ್ಕಂಡ್ ಓಗು."

ನೀರು ಕಾಯುವ ತನಕ ಒಳಗೆ ಹೋಗುವಂತಿಲ್ಲ. ನಾಗಲಕ್ಷ್ಮಿಗೆ ಒಂದು ಗಳಿಗೆ ಹಗುರವೆನಿಸಿತು. ಹಾಗೆ ಅನಿಸಿದ್ದು ತಿಳಿದ ಕೂಡಲೆ ಹಿತ್ತಲಿಗೆ ಹೋಗಿ, ತೊಟ್ಟಿಯ ತಣ್ಣೀರನ್ನೇ ತಲೆಯ ಮೇಲೆ ಸುರಿದುಕೊಂಡು, ಸಿಕ್ಕಿದ ಸೀರೆ ಸುತ್ತಿಕೊಂಡು ಕೋಣೆಗೆ ಬಂದಳು.

ಬೆಟ್ಟಮ್ಮ ಅವಳನ್ನು ದಾಟಿ ಬಾಗಿಲ ಕಡೆ ನೋಡಿದಳು. ಅಲ್ಲಿ ಮಗ ನಿಂತಿದ್ದ. ಅವನ ಹಿಂದೆ ಮತ್ತಾರೂ ಇರಲಿಲ್ಲ.

"ಬರಾಕಿಲ್ಲ ಅತ್ತೆಮ್ಮ," ಎಂದಳು ನಾಗಲಕ್ಷ್ಮಿ. "ಎಸ್ತೇರಮ್ಮ ತೀರ್ಕಂಡ್ರು. ಮಣ್ಣ್ ಮಾಡಿ ಬಂದೊ. ನಿಮ್ಗೆ ಮಕ ತೋರ್ಸಾಕ್ ಆಗ್ನಿಲ್ಲ."

ಕೂಗು ನಿಂತಿತು. ನಾಗಲಕ್ಷ್ಮಿ ಒಂದು ಕೈಯನ್ನು ಭುಜದಡಿ ಇಟ್ಟಳು, ಇನ್ನೊಂದನ್ನು ಸೊಂಟದಡಿ. ಅಂಗೈಗೆ ಒದ್ದೆ ತಾಗಿತು. ಬೆಟ್ಟಮ್ಮ ಕಂಬಿ ಹಿಡಿದುಕೊಂಡು ಸೊಸೆಯ ಬಾಯನ್ನು ನೋಡತೊಡಗಿದಳು.

"ಏನಾರ ಹೇಳೆ," ಎಂದ ಪುಟ್ಟಸ್ವಾಮಿ. ಅವನ ಒಂದು ಕಾಲು ಹೊಸಿಲೊಳಗಿತ್ತು. "ಯಾವ್ದಾರ ಹೇಳು. ಜೋರಾಗೇ ಹೇಳು. ಯಾರ್ ಏನಾರ ಅಂದ್ಕಳ್ಲಿ."

ಅವಳಿಗೆ ಏನೂ ಬರಲಿಲ್ಲ. ಸುಮ್ಮನೆ ತುಟಿ ಅಲುಗಿಸಿದಳು. ಬೆಟ್ಟಮ್ಮ ನೋಡಿದಳು. ಅದಲ್ಲ ಎನ್ನುವಂತೆ ತಲೆಯನ್ನು ದಿಂಬಿನ ಮೇಲೆ ಆಚೆ ಈಚೆ ಹೊರಳಿಸಿದಳು. ಆಮೇಲೆ ಅವಳ ಬಾಯಿಯ ಸರಿಯಿದ್ದ ಅರ್ಧ ಎಸ್ತೇರಮ್ಮನ ತುಟಿಯಂತೆ ಮೆಲ್ಲಗೆ ಅಲುಗಿತು, ನಿಂತಿತು, ಮತ್ತೆ ಅಲುಗಿತು. ಇನ್ನೊಂದು ಅರ್ಧ ಜೋತುಬಿದ್ದೇ ಇತ್ತು.

ನಾಗಲಕ್ಷ್ಮಿ ಇನ್ನಷ್ಟು ಬಾಗಿ, ಆ ಅರ್ಧ ಬಾಯನ್ನು ನೋಡುತ್ತ ತನ್ನ ತುಟಿಯನ್ನು ಹಾಗೆಯೇ ಆಡಿಸತೊಡಗಿದಳು. ಇಬ್ಬರಲ್ಲೂ ದನಿಯಿರಲಿಲ್ಲ. ಒದ್ದೆ ಕೂದಲಿಂದ ನೀರು ತೊಟ್ಟಿಕ್ಕಿ ಹಾಸಿಗೆಯ ಮೇಲೆ ಬೀಳುತ್ತಿತ್ತು. ಭಾರಕ್ಕೆ ಅವಳ ಕೈಗಳು ಜೋಮು ಹಿಡಿಯುತ್ತಿದ್ದವು. ಅವಳು ಅವನ್ನು ತೆಗೆಯಲಿಲ್ಲ. ಕಂಬಿಯ ಮೇಲೆ ಬೆಟ್ಟಮ್ಮನ ಬೆರಳುಗಳು ಬಿಗಿದೇ ಇದ್ದವು.